ಕೇರಿಯಿಂದ ಹೊರಡುವ ಬಸ್ಸು

"ಎದ್ದೇಳೇ ಮ್ಯಾಕೆ, ಲೌಡಿ! ನಿಮ್ಮಪ್ಪನ ಮನೆ ಜಗಲಿ ಅಂದ್ಕಂಡಿದ್ದೀಯಾ?"

ಬಸ್ಸು ಹತ್ತಿದವನೇ ಕೃಷ್ಣಪ್ಪಗೌಡ ನನ್ನ ಅವ್ವನ ರಟ್ಟೆಗೆ ಕೈ ಹಾಕಿ ಎಳೆದ. ಅವ್ವ ಮಲ್ಲಿಗಮ್ಮನಿಗೆ ಅರವತ್ತು ದಾಟಿದೆ. ಹಾಸನದ ಗಾರ್ಮೆಂಟ್ಸಿನಲ್ಲಿ ನಾನು ಹೊಲಿಗೆ ಮಿಷನ್ನಿಗೆ ಕೂರುತ್ತೇನೆ, ಅವಳು ಅದೇ ಶೆಡ್ಡಿನಲ್ಲಿ ಚಿಂದಿ ಗುಡಿಸುತ್ತಾಳೆ. ಮಂಡಿ ಊದಿಕೊಂಡು ಹೆಚ್ಚು ಹೊತ್ತು ನಿಲ್ಲಲಾಗದ್ದರಿಂದ ಬಾಗಿಲ ಪಕ್ಕದ ಮೊದಲ ಸೀಟು ದಿನಾ ಅವಳದು. ಗೌಡ ಎಳೆದ ರಭಸಕ್ಕೆ ಅರ್ಧ ಎದ್ದಳು. ಹಳೇ ಅಭ್ಯಾಸ. ಆಮೇಲೆ ಏನನ್ನಿಸಿತೋ, ಕಂಬಿ ಹಿಡಿದುಕೊಂಡು ಮತ್ತೆ ಕೂತಳು.

"ಮಂಡಿ ನೋವು ಕಣ್ ಬುದ್ದಿ. ನಿಂತ್ಕಳಕಾಗಕಿಲ್ಲ."

"ಕಾಸ್ ಕೊಟ್ಟು ಟಿಕೀಟ್ ತಗಳೋ ನಾನು ನಿಂತ್ಕಬೇಕು, ಪುಕ್ಸಟ್ಟೆ ಚೀಟಿ ಮುಂಡೇವು ನೀವು ಕುಂತ್ಕಬೇಕಾ?"

ಅವನ ಬೆನ್ನಿಗೆ ನಿಂತಿದ್ದ ಹೆಂಡತಿ ಲಕ್ಕಮ್ಮನೂ ಪುಕ್ಕಟೆ ಚೀಟಿಗೇ ಕೈ ಚಾಚಿದ್ದಳು. ಅದು ಗೌಡನಿಗೆ ಕಾಣಲಿಲ್ಲ. ನಾನು ಹಿಂದಿನ ಸೀಟಿನಿಂದ ಎದ್ದೆ.

"ಗೌಡ್ರೇ, ಕೈ ಬಿಡಿ. ಮೊದ್ಲು ಅತ್ತಿದೋರು ಮೊದ್ಲು ಕುಂತ್ಕತಾರೆ. ಸರ್ಕಾರಿ ಬಸ್ಸಿದು."

ಅವನು ನನ್ನನ್ನೇ ನೋಡುತ್ತಾ ಅವ್ವನ ಕೆನ್ನೆಗೆ ಬಾರಿಸಿದ. ಮಾತಾಡಿದ್ದು ನಾನು, ಏಟು ಬಿದ್ದದ್ದು ಅವಳಿಗೆ. ಮೂಗುಬೊಟ್ಟು ಒಳಗೆ ಚುಚ್ಚಿಕೊಂಡು ತುಟಿಯ ಮೇಲೆ ರಕ್ತ ಇಳಿಯಿತು. ಡ್ರೈವರ್ ಈಶ್ವರಯ್ಯ ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡು ಮುಂದಿನ ಗಾಜನ್ನೇ ನೋಡುತ್ತಿದ್ದ. ಕಂಡಕ್ಟರ್ ಸೀಟಿ ಊದಿದ. ಅವ್ವ ಮಾತ್ರ ಏಳಲಿಲ್ಲ. ಕಾರು ಗ್ಯಾರೇಜಿಗೆ ಹೋಗಿದ್ದರಿಂದ ಬಸ್ಸು ಹತ್ತಿದ್ದ ಹದಿನೆಂಟು ಎಕರೆಯ ಗೌಡ, ನಮ್ಮ ಹೆಂಗಸರ ನೆತ್ತಿಯ ಮೇಲೆ ಉಸಿರು ಬಿಡುತ್ತಾ ಹಾಸನದವರೆಗೂ ನಿಂತೇ ಹೋದ.

ನಮ್ಮ ಮುದ್ದನಕಟ್ಟೆಗೆ ಇರುವುದು ಇದೊಂದೇ ಬಸ್ಸು. ಸಂಜೆ ಹಾಸನದಿಂದ ಬಂದು ರಾತ್ರಿ ಇಲ್ಲೇ ತಂಗಿ, ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ತಂಗುವುದು ಊರಿನಲ್ಲಲ್ಲ, ಊರು ದಾಟಿ ಒಂದೂವರೆ ಕಿಲೋಮೀಟರ್ ಆಚೆ ಇರುವ ನಮ್ಮ ಕೇರಿಯಲ್ಲಿ. ನಮ್ಮ ಮೇಲಿನ ಅಕ್ಕರೆಯಿಂದ ಬಂದ ಭಾಗ್ಯವೇನಲ್ಲ ಅದು. ಊರೊಳಗೆ ಬಸ್ಸು ತಿರುಗಿಸಲು ಜಾಗವಿಲ್ಲ. ಅರಳಿಕಟ್ಟೆ ಮುಂದಿನ ಬಯಲನ್ನು ಒಬ್ಬ ಕೊಟ್ಟಿಗೆ ಕಟ್ಟಿ, ಒಬ್ಬ ಜಗಲಿ ಚಾಚಿ, ಮತ್ತೊಬ್ಬ ಟ್ರಾಕ್ಟರ್ ಶೆಡ್ಡು ಹಾಕಿ ನುಂಗಿದರು. ಎಲ್ಲರಿಗಿಂತ ದೊಡ್ಡ ತುತ್ತು ಕೃಷ್ಣಪ್ಪಗೌಡನದು. ಕೊನೆಗೆ ಬಸ್ಸು ತಿರುಗಲು ಉಳಿದದ್ದು ನಮ್ಮ ಅಂಬೇಡ್ಕರ್ ಭವನದ ಮುಂದಿನ ಅಂಗಳ. ಮಾಡಿದ್ದುಣ್ಣೋ ಮಹರಾಯ. ಬಸ್ಸು ಕೇರಿಯಿಂದ ಹೊರಟು ಊರು ಮುಟ್ಟುವಷ್ಟರಲ್ಲಿ ಸೀಟೆಲ್ಲ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಮೂವತ್ತೆರಡು ಹೆಂಗಸರಿಂದ ತುಂಬಿರುತ್ತದೆ. ಊರಿನವರು ನಿಲ್ಲಬೇಕು, ಅದೂ ನಮ್ಮ ಮೈಗೆ ತಾಗಿಕೊಂಡು. ದೇವಸ್ಥಾನದ ಬಾಗಿಲಲ್ಲಿ, ಹೋಟೆಲ್ಲಿನ ಲೋಟದಲ್ಲಿ ಅವರು ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು ಬಸ್ಸಿನಲ್ಲಿ ದಿನಾ ಮಣ್ಣುಪಾಲಾಗುತ್ತಿತ್ತು. ಎಂಟು ವರ್ಷ ಹೇಗೋ ಸಹಿಸಿದರು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಅದೂ ಆಗಲಿಲ್ಲ.

ನಾವಂತೂ ಆ ಬಸ್ಸನ್ನು ನೆಂಟರಂತೆ ನೋಡಿಕೊಂಡೆವು. ಸಂಜೆ ಅದು ಬರುವ ಹೊತ್ತಿಗೆ ಅಂಗಳ ಗುಡಿಸಿರುತ್ತಿತ್ತು. ಅವ್ವ ಈಶ್ವರಯ್ಯನಿಗೆ ಒಂದು ಚೊಂಬು ನೀರು, ಒಂದು ತಟ್ಟೆ ಸಾರನ್ನ ಒಯ್ಯುವಳು. "ಬ್ಯಾಡ ಕಣಮ್ಮ, ಒಟ್ಟೆ ಸರಿಯಿಲ್ಲ" ಅನ್ನುವನು ಆತ. ತನ್ನ ಕ್ಯಾನಿನ ನೀರು ಕುಡಿದು ಬಸ್ಸಿನೊಳಗೇ ಮಲಗುವನು. ಎಂಟು ವರ್ಷದಿಂದ ಆ ಮನುಷ್ಯನ ಹೊಟ್ಟೆ ಸರಿಹೋಗಿಲ್ಲ.

ಕಪಾಳಕ್ಕೆ ಬಿದ್ದ ಹತ್ತನೇ ದಿನಕ್ಕೆ ಕೇರಿಯ ರಸ್ತೆಗೆ ಜೆಸಿಬಿ ಬಂತು. ಮನೆಮನೆಗೆ ನಲ್ಲಿ ಹಾಕುವ ಕಾಂಟ್ರಾಕ್ಟು ಕೃಷ್ಣಪ್ಪಗೌಡನ ಮಗ ಹರ್ಷವರ್ಧನನದು. ನಲ್ಲಿ ಬೇಕೆಂದು ಎರಡು ವರ್ಷದಿಂದ ಪಂಚಾಯ್ತಿ ಮೆಟ್ಟಿಲು ಸವೆಸಿದವರೇ ನಾವು. ಹಾಗಾಗಿ ರಸ್ತೆಗೆ ಅಡ್ಡಲಾಗಿ ಕಾಲುವೆ ತೋಡುವಾಗ ಹೆಂಗಸರು ಅವನ ಕೆಲಸಗಾರರಿಗೆ ಟೀ ಕಾಯಿಸಿ ಕೊಟ್ಟರು. ಗುಂಡಿ ತೋಡಿದರು, ಪೈಪು ತಂದು ಬದಿಗೆ ಹಾಕಿದರು, ಹೋದರು. ಪೈಪು ಇಳಿಯಲಿಲ್ಲ, ಗುಂಡಿ ಮುಚ್ಚಲಿಲ್ಲ. ಅವತ್ತು ಸಂಜೆ ಬಸ್ಸು ಕೇರಿಗೆ ಬರಲಿಲ್ಲ. ಊರಂಚಿನಲ್ಲಿ ಗೌಡ ಶುಂಠಿ ತೊಳೆಯುವ ಕಣವಿದೆ. ಎಂಟು ವರ್ಷ ಇಲ್ಲದ ಉದಾರತನ ಒಂದೇ ದಿನದಲ್ಲಿ ಹುಟ್ಟಿ, ಬಸ್ಸು ತಿರುಗಲು ಆ ಕಣವನ್ನೇ ಬಿಟ್ಟುಕೊಟ್ಟಿದ್ದ. ಬಸ್ಸು ರಾತ್ರಿ ತಂಗಲು ಬೇರೆ ಊರಿಗೆ ಹೋಗತೊಡಗಿತು.

ಕತ್ತಲಲ್ಲೇ ಎದ್ದು ಮುದ್ದೆ ತೊಳಸಿ, ಮಕ್ಕಳಿಗೆ ಮುಚ್ಚಿಟ್ಟು, ಒಂದೂವರೆ ಕಿಲೋಮೀಟರ್ ಓಡುತ್ತಿದ್ದೆವು. ಕಣ ಇನ್ನೂ ನೂರು ಮಾರು ಇರುವಾಗ ಬಸ್ಸಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮಂಡಿ ಹಿಡಿದುಕೊಂಡು ಬರುವ ಅವ್ವನಿಗೆ ವಾರದಲ್ಲಿ ಎರಡು ದಿನವೂ ಬಸ್ಸು ಸಿಗಲಿಲ್ಲ. ಗಾರ್ಮೆಂಟ್ಸಿನ ಗೇಟು ಎಂಟಕ್ಕೆ ಹಾಕಿದರೆ ಹಾಕಿದ್ದೇ. ಬಸ್ಸು ಹೋದ ಜಾಗದಲ್ಲಿ ಸರಿಯಾಗಿ ಗೌಡನ ಲಗೇಜ್ ಆಟೋ ಬಂದು ನಿಲ್ಲುತ್ತಿತ್ತು.

"ಬಸ್ ಓಯ್ತಲ್ಲ, ಅತ್ಕಳ್ರಮ್ಮಿ. ಸುಂಟಿ ಕೀಳೋಕೆ ಆಳಿಲ್ಲ," ಅಂತ ಹರ್ಷವರ್ಧನ್ ಹಲ್ಲು ಕಿರಿಯುತ್ತಿದ್ದ. "ಎಸಿ ಶೆಡ್ಡಲ್ಲಿ ಕುಂತು ಕುಂತು ಕೊಬ್ಬು ಬಂದದೆ ನಿಮ್ಗೆ. ಒಂಚೂರ್ ಕರಗ್ಲಿ."

ಒಂದು ತಿಂಗಳಿಗೆ ಹನ್ನೊಂದು ಜನ ಗಾರ್ಮೆಂಟ್ಸು ಬಿಟ್ಟು ಶುಂಠಿ ಹೊಲದಲ್ಲಿದ್ದರು. ಅವ್ವ ಹನ್ನೆರಡನೆಯವಳು. ಯಾವ ಮನುಷ್ಯ ಅವಳ ಮೂಗಿನಲ್ಲಿ ರಕ್ತ ಬರಿಸಿದ್ದನೋ ಅವನದೇ ಹೊಲದಲ್ಲಿ ಅವಳು ಊದಿದ ಮಂಡಿ ಊರಿ ಮಣ್ಣು ಬಗೆಯುವುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಮಾರನೇ ದಿನ ರಜೆ ಹಾಕಿ ನನ್ನ ತಮ್ಮ ಶಶಿಕುಮಾರನನ್ನು ಹಿಡಿದುಕೊಂಡೆ. ಅವನು ಪಿಯುಸಿ ಓದಿ ಹೊಳೆನರಸೀಪುರದಲ್ಲಿ ಟೈರು ಅಂಗಡಿ ಕೆಲಸಕ್ಕಿದ್ದ. ಮನವಿ ಬರೆದ. ಮೂವತ್ತೆರಡು ಹೆಂಗಸರೂ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಡಿಪೋ ಸಾಹೇಬರು ಮನವಿಯನ್ನು ಓದುವ ಮೊದಲು ನಮ್ಮನ್ನು ಎಣಿಸಿದರು.

"ಎಲ್ಲಾ ಯಾಕ್ರೀ ಒಳಗ್ ಬಂದ್ರಿ? ಒಬ್ರು ಇರಿ, ಮಿಕ್ಕೋರು ಆಚೆ ನಡೀರಿ. ಅದೇನು ವಾಸನೆ!" ಕರ್ಚೀಫು ಮೂಗಿಗೆ ಹೋಯಿತು. "ನೀವೇ ಅಲ್ವಾ ಸೀಟಿಗೆ ಜಗಳ ತೆಗೆಯೋರು? ಫ್ರೀ ಕೊಟ್ಟಿರೋದೇ ತಪ್ಪು."

"ಸಾ, ಜಗಳ ನಾವ್ ತಗೀಲಿಲ್ಲ. ನಮ್ಮವ್ವುಂಗೆ ಒಡದ್ರು," ಅಂದ ಶಶಿ.

"ಅದು ಪೊಲೀಸ್ ಮ್ಯಾಟರು. ನನ್ನ ಮ್ಯಾಟರು ರಸ್ತೆ. ರಸ್ತೆ ಸರಿಯಿದೆ ಅಂತ ಪಂಚಾಯ್ತಿ ಅಧ್ಯಕ್ಷರ ಪತ್ರ ತನ್ನಿ, ಬಸ್ ಬಿಡ್ತೀನಿ."

"ಅಧ್ಯಕ್ಷರು ಗೌಡ್ರ ಹೆಂಡ್ತಿ ಲಕ್ಕಮ್ಮೋರು ಸಾ. ಮೊಹರು ಗೌಡ್ರ ಜೇಬಲ್ಲಿ ಅದೆ. ಗುಂಡಿ ತಗ್ಸಿದೋರೇ ಅವ್ರು."

"ಹಾಗಾದ್ರೆ ಗೌಡ್ರ ಕಾಲು ಹಿಡ್ಕೊಳ್ಳಿ. ನಾನೇನ್ ಮಾಡ್ಲಿ?"

ನಾವು ಆಚೆ ಬಂದು ಡಿಪೋ ಗೇಟಿನಲ್ಲಿ ಸಾಲಾಗಿ ನೆಲಕ್ಕೆ ಕೂತೆವು. ಯಾರು ಮೊದಲು ಕೂತರೋ ಗೊತ್ತಿಲ್ಲ. ಅರ್ಧ ಗಂಟೆಗೆ ಒಳಗೆ ಒಂಬತ್ತು ಬಸ್ಸು, ಹೊರಗೆ ಆರು ಬಸ್ಸು ಸಿಕ್ಕಿಹಾಕಿಕೊಂಡವು. ಸೆಕ್ಯೂರಿಟಿಯವನು ಲಾಠಿಯಿಂದ ಬೆನ್ನಿಗೆ ತಿವಿದ. ಒಬ್ಬಳ ಕೈಬೆರಳ ಮೇಲೆ ಬೂಟುಗಾಲಿಟ್ಟ. ಅವಳು ಕೈ ತೆಗೆಯಲಿಲ್ಲ. ಆಮೇಲೆ ಸಾಹೇಬರೇ ಕರ್ಚೀಫು ಇಲ್ಲದೆ ಗೇಟಿಗೆ ಬಂದರು.

"ಸೋಮವಾರ ಬೆಳಿಗ್ಗೆ ಬಸ್ ಕಳಿಸ್ತೀನಿ, ಟ್ರಯಲ್. ಡ್ರೈವರ್ ಕೇರಿವರೆಗೆ ಹೋಗಿ ತಿರುಗಿಸಿ, ರಸ್ತೆ ಸರಿಯಿದೆ ಅಂತ ಬರೆದು ಸೈನ್ ಹಾಕಿದ್ರೆ ಮೊದಲಿನಂಗೇ ಬರುತ್ತೆ. ಗುಂಡಿ ಹಾಗೇ ಇದ್ದು ವಾಪಸ್ ಬಂದ್ರೆ ಇನ್ನು ಈ ಕಡೆ ತಲೆ ಹಾಕ್ಬೇಡಿ. ಆ ರೂಟೇ ಕ್ಯಾನ್ಸಲ್."

ಭಾನುವಾರ ಬೆಳಿಗ್ಗೆ ಇಡೀ ಕೇರಿ ಗುದ್ದಲಿ, ಮಂಕರಿ ಹಿಡಿದು ಗುಂಡಿಗೆ ಇಳಿಯಿತು. ಎರಡಡಿ ಅಗಲ, ಎದೆಮಟ್ಟದ ಆಳ. ಶಶಿ ಒಳಗೆ ನಿಂತು ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದ. ಅರ್ಧ ಮುಚ್ಚಿತ್ತು. ಅವ್ವ ಗರಸು ತುಂಬಿದ ಮಂಕರಿ ಹೊತ್ತು ಬರುತ್ತಾ, "ನಾಳಿಕೆ ಮೊದ್ಲ ಸೀಟು ನಂದೇ ಕಣ್ಲಾ," ಅಂದಳು. ಎಲ್ಲರೂ ನಕ್ಕರು. ಆಗ ಜೆಸಿಬಿ ಸದ್ದು ಕೇಳಿತು.

ಜೆಸಿಬಿಯ ಮುಂದೆ ಹರ್ಷವರ್ಧನ್, ಹಿಂದೆ ಆರು ಜನ ಹುಡುಗರು. ಎಲ್ಲರ ಕೈಯಲ್ಲೂ ನಲ್ಲಿಗೆ ತಂದಿದ್ದ ಪೈಪಿನ ತುಂಡುಗಳು.

"ಯಾವ್ ಬೋಳಿಮಗ ಹೇಳ್ದ ನಿಮ್ಗೆ ಮುಚ್ಚು ಅಂತ? ಗೌರ್ಮೆಂಟ್ ವರ್ಕ್ ಇದು!"

"ಪೈಪ್ ಆಕಿ ಮುಚ್ಚು, ಯಾರ್ ಬ್ಯಾಡ ಅಂದ್ರು? ಆಕ್ದೆ ಯಾಕ್ ಬುಟ್ಟಿದ್ದೀಯ?" ಶಶಿ ಗುಂಡಿಯಿಂದಲೇ ಕೇಳಿದ.

"ಏಯ್, ಏಕವಚನದಲ್ಲಿ ಮಾತಾಡ್ತೀಯೇನ್ಲಾ ಸೂಳೆಮಗನೇ?"

ಇಷ್ಟೇ ಮಾತು. ಹರ್ಷವರ್ಧನ್ ಜಾತಿ ಹಿಡಿದು ಬೈದು, ಜೆಸಿಬಿಯವನಿಗೆ ಸನ್ನೆ ಮಾಡಿದ. ಆಪರೇಟರ್ ಗುಂಡಿಯೊಳಗಿದ್ದ ಶಶಿಯನ್ನು ನೋಡಿದ, ಹರ್ಷವರ್ಧನನನ್ನು ನೋಡಿದ, ಬಕೆಟ್ಟು ಇಳಿಸಿದ. ಶಶಿ ಮೇಲಕ್ಕೆ ಹಾರಲು ಕೈಯೂರಿದ್ದ. ಬಕೆಟ್ಟಿನ ಹಲ್ಲಿಗೂ ಗುಂಡಿಯ ಗೋಡೆಗೂ ನಡುವೆ ಅವನ ಎಡಗಾಲು ಸಿಕ್ಕಿತು. ಒಣಕಟ್ಟಿಗೆ ಮುರಿದಂಥ ಸದ್ದು. ಅವನು ಕೂಗಿದ್ದು ನಮಗೆಲ್ಲ ಆಮೇಲೆ ಕೇಳಿಸಿತು. ಓಡಿಹೋದ ಅವ್ವನ ಪಕ್ಕೆಗೆ ಹರ್ಷವರ್ಧನ್ ಬೂಟುಗಾಲಿನಿಂದ ಒದ್ದ. ಅವಳು ಮಂಕರಿಯ ಸಮೇತ ಉರುಳಿದಳು. ಪೈಪುಗಳು ಬೆನ್ನು, ತಲೆ, ಮೊಣಕೈ ಅನ್ನದೆ ಬಿದ್ದವು. ನನ್ನ ಕಿವಿಯ ಹಿಂದೆ ಸೀಳಿತು. ನಾವು ಶಶಿಯನ್ನು ಎಳೆದುಕೊಳ್ಳುತ್ತಿದ್ದರೆ ಜೆಸಿಬಿ ನಾವು ತುಂಬಿದ ಮಣ್ಣನ್ನೆಲ್ಲ ಬಾಚಿ ಆಚೆ ಹಾಕಿ, ಎರಡಡಿಯ ಗುಂಡಿಯನ್ನು ನಾಲ್ಕಡಿ ಅಗಲ ಮಾಡಿತು.

ಆಂಬುಲೆನ್ಸು ಬಂದು ಗುಂಡಿಯ ಆ ದಡದಲ್ಲಿ ನಿಂತಿತು. ಕಂಬಳಿಯಲ್ಲಿ ತಮ್ಮನನ್ನು ಮಲಗಿಸಿ, ಗುಂಡಿಯೊಳಗೆ ಇಳಿದು ಏರಿ ಅವನನ್ನು ದಾಟಿಸಿದೆವು. ಮೂಳೆ ಚರ್ಮದಿಂದ ಆಚೆ ಬಂದಿತ್ತು. ಅವನು ಹೊಳೆನರಸೀಪುರದ ಆಸ್ಪತ್ರೆಗೆ ಹೋದ, ನಾನು ಠಾಣೆಗೆ ಹೋದೆ.

"ಏಟು ಬಿದ್ದಿದ್ದೆಲ್ಲಮ್ಮ?" ದಫೇದಾರ ಕೇಳಿದ.

"ಗುಂಡಿಲಿ ಸಾ."

"ಗುಂಡಿ ಯಾರ್ದು?"

"ಸರ್ಕಾರದ್ದು ಸಾ."

"ಸರ್ಕಾರಿ ಗುಂಡಿ ಮುಚ್ಚೋಕೆ ನೀನ್ಯಾರು? ಹರ್ಷವರ್ಧನ್ ಆಗ್ಲೇ ಕಂಪ್ಲೇಂಟ್ ಕೊಟ್ಟವ್ರೆ. ಸರ್ಕಾರಿ ಕೆಲ್ಸಕ್ಕೆ ಅಡ್ಡಿ. ಮೊದ್ಲು ನಿನ್ ಹೆಸ್ರು ಹೇಳು."

"ಪ್ರೇಮಕುಮಾರಿ."

ಬರೆದುಕೊಂಡ. ನನ್ನ ಕುತ್ತಿಗೆಯಿಂದ ರಕ್ತ ಇಳಿದು ಅವನ ಟೇಬಲ್ಲಿನ ಮೇಲೆ ಬಿತ್ತು. "ಒರ್ಸಮ್ಮ ಅದನ್ನ," ಅಂದ. ಸೆರಗಿನಿಂದ ಒರೆಸಿ ಬಂದೆ. ಒರೆಸಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಕೇರಿಗೆ ಬಂದಾಗ ಹೆಂಗಸರು ಭವನದ ಮುಂದೆ ಕೂತಿದ್ದರು. ಇನ್ನು ಮಣ್ಣು ಹೊತ್ತು ಪ್ರಯೋಜನವಿಲ್ಲ, ಅವರು ಬಾಚಿ ಎಸೆಯುತ್ತಾರೆ ಅಂದರು. ಅವ್ವ ಪಕ್ಕೆಗೆ ಸೀರೆ ಬಿಗಿದು ಕಟ್ಟಿಕೊಂಡು ಒಳಗೆ ಹೋದಳು. ಅವಳ ಅತ್ತೆಯ ಕಾಲದ ಒರಳು ಕಲ್ಲನ್ನು ಉರುಳಿಸಿಕೊಂಡು ಆಚೆ ಬಂದಳು.

"ಮಿಕ್ಸಿ ಬಂದಿಲ್ವಾ ಎಲ್ರುಗೂ? ಈ ಕಲ್ಲು ಇನ್ಯಾಕೆ? ಬಸ್ ಬರೋ ಗಳಿಗೇಲಿ ಒಂದೇ ಸಲಕ್ಕೆ ಆಕ್ಬುಡಾನಾ. ಬಾಚೋಕೆ ಅವರ್ಗೆ ಟೈಮೇ ಕೊಡ್ಬಾರ್ದು."

ಸೋಮವಾರ ಆರು ಗಂಟೆಗೆ ಊರ ಕಡೆಯಿಂದ ಬಸ್ಸಿನ ದೀಪ ಕಂಡಿತು. ಗುಂಡಿಯ ಆಚೆ ಅಂಚಿನಲ್ಲಿ ಹರ್ಷವರ್ಧನ್ ತನ್ನ ಹೊಸ ಬುಲೆಟ್ಟನ್ನು ಅಡ್ಡ ನಿಲ್ಲಿಸಿಕೊಂಡು, ಅದೇ ಆರು ಹುಡುಗರ ಜೊತೆ ಮೊಬೈಲ್ ನೋಡುತ್ತಾ ನಿಂತಿದ್ದ. ಜೆಸಿಬಿ ತಂದಿರಲಿಲ್ಲ. ಗುಂಡಿ ನಾಲ್ಕಡಿ ಇದೆ, ಜೆಸಿಬಿ ಯಾಕೆ ಅಂದುಕೊಂಡಿರಬೇಕು. ಬೇಲಿಯ ಹಿಂದೆ ನಾವು ಕಲ್ಲು ಹಿಡಿದು ಕೂತದ್ದು ಅವರಿಗೆ ಗೊತ್ತಿರಲಿಲ್ಲ. ಬಸ್ಸು ಆ ದಡಕ್ಕೆ ಬಂದು ನಿಂತ ಕೂಡಲೇ ಎದ್ದೆವು.

ಬಟ್ಟೆ ಒಗೆಯುವ ಚಪ್ಪಡಿ, ಒರಳು, ಬೀಸುವ ಕಲ್ಲು, ಮನೆ ಮುಂದಿನ ಮೆಟ್ಟಿಲು. ಒಂದೊಂದಕ್ಕೆ ನಾಲ್ಕು ಜನ. ದಡದಡನೆ ಗುಂಡಿಗೆ ಉರುಳಿದವು. ಹುಡುಗರು ಪೈಪು ಎತ್ತಿಕೊಂಡು ಗುಂಡಿ ಹಾರಿ ಬಂದರು. ನಿನ್ನೆಯಂತಲ್ಲ, ಇವತ್ತು ನಮ್ಮ ಕೈಯಲ್ಲೂ ಕಲ್ಲಿತ್ತು. ಮೊದಲು ಬಂದವನ ಹಣೆ ಒಡೆಯಿತು. ಎರಡನೆಯವನ ಕೈಯಿಂದ ಪೈಪು ಕಿತ್ತುಕೊಂಡು ಅವನಿಗೇ ಬಾರಿಸಿದರು. ಹರ್ಷವರ್ಧನ್ ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿ, ಮುಖಕ್ಕೆ ಗುದ್ದಿದ. ಒಂದು ಹಲ್ಲು ನಾಲಿಗೆಯ ಮೇಲೆ ಬಂತು. ನಾನು ಅವನ ಮುಂಗೈಯನ್ನು ಕಚ್ಚಿದೆ. ಅವನು ಎಷ್ಟು ಗುದ್ದಿದರೂ ಬಿಡಲಿಲ್ಲ. ಬಾಯಲ್ಲಿ ಅವನ ರಕ್ತವೋ ನನ್ನದೋ ತಿಳಿಯದಷ್ಟು ತುಂಬಿತು. ಕೊನೆಗೆ ಅವನೇ "ಅಮ್ಮಾ" ಅಂತ ಕೂಗಿದ.

ಎಡಗಡೆ ಚಕ್ರದ ಜಾಡು ತುಂಬಿತ್ತು. ಬಲಗಡೆಗೆ ಕಲ್ಲು ಸಾಲಲಿಲ್ಲ. ಇನ್ನೂ ಸೊಂಟದಷ್ಟು ಆಳ ಬಾಕಿ. ಸುತ್ತ ನೋಡಿದೆವು. ಸರಿಯಾಗಿ ಆ ಜಾಗದ ಅಂಚಿನಲ್ಲೇ ಬುಲೆಟ್ಟು ನಿಂತಿತ್ತು. ಎಂಟು ಹೆಂಗಸರು ಕೈ ಕೊಟ್ಟರು, ಅದು ಗುಂಡಿಯೊಳಗೆ ಮಗ್ಗುಲಾಗಿ ಬಿತ್ತು. ಮೇಲೆ ಅವರದೇ ಪೈಪುಗಳನ್ನು ತುಂಬಿ, ಉಳಿದಿದ್ದ ಎರಡು ಚಪ್ಪಡಿ ಎಳೆದೆವು.

ಆ ಹೊತ್ತಿಗೆ ಕೃಷ್ಣಪ್ಪಗೌಡನ ಕಾರು ಬಸ್ಸಿನ ಹಿಂದೆ ಬಂದು ನಿಂತಿತು. ಅವನು ಇಳಿದು ಮಗನ ಕೈ ನೋಡಿದ, ಗುಂಡಿ ನೋಡಿದ, ಡ್ರೈವರ್ ಬಾಗಿಲಿಗೆ ಬಂದು ಬಡಿದ.

"ಲೋ ಈಶ್ವರಯ್ಯ, ರಿವರ್ಸ್ ತಗೊಳ್ಳೋ! ರಸ್ತೆ ಇಲ್ಲ ಅಂತ ಬರ್ದು ಹಾಕು. ಇಲ್ದಿದ್ರೆ ನಾಳೆ ನಿನ್ ಕೆಲ್ಸ ಇರಕಿಲ್ಲ. ನಾನ್ ಕಾರ್ ತಗೀತೀನಿ, ಇಂದಕ್ ಬಾ."

ಕಾರು ಹಿಂದೆ ಸರಿಯಿತು. ಬಸ್ಸಿಗೆ ರಿವರ್ಸ್ ಗೇರು ಬಿದ್ದ ಸದ್ದಾಯಿತು. ಎಲ್ಲ ಮಾಡಿಯೂ ಆಗಲಿಲ್ಲ ಅಂದುಕೊಂಡೆ. ಆಗ ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಕಿರುಚಿದ, "ಸ್ಟಾಪ್, ಸ್ಟಾಪ್! ಹಿಂದೆ ಮಲಗವ್ರೆ!"

ಗದ್ದಲದಲ್ಲಿ ಯಾವಾಗ ಗುಂಡಿ ದಾಟಿದ್ದಳೋ, ಅವ್ವ ಹಿಂದಿನ ಚಕ್ರಕ್ಕೆ ತಲೆ ಕೊಟ್ಟು ಅಡ್ಡ ಮಲಗಿದ್ದಳು. ಅವಳ ಪಕ್ಕ ಇನ್ನೊಬ್ಬಳು, ಅವಳ ಪಕ್ಕ ಮತ್ತೊಬ್ಬಳು. ಶುಂಠಿ ಹೊಲಕ್ಕೆ ಬಿದ್ದಿದ್ದ ಅವರು ಹನ್ನೆರಡು ಜನವೂ ರಸ್ತೆಯ ತುಂಬ ಮಲಗಿದ್ದರು. ಗೌಡ ಬಂದು ಅವ್ವನ ಪಕ್ಕೆಗೆ, ನಿನ್ನೆ ಮಗ ಒದ್ದ ಜಾಗಕ್ಕೇ ಒದ್ದ.

"ಎದ್ದೇಳೇ ಮುಂಡೆ!"

"ಒದಿ ಗೌಡ," ಅವ್ವ ಮಲಗಿದಲ್ಲಿಂದಲೇ ಅಂದಳು. ಬುದ್ದಿ ಅನ್ನುವ ಮಾತು ಅವಳ ಬಾಯಿಂದ ಹೋಗಿತ್ತು. "ಇಸ್ವರಯ್ಯಾ, ಕೇಳ್ಸತಾ? ಇಂದಕ್ ಓಗಂಗಿದ್ರೆ ನಮ್ ಮ್ಯಾಲೆ ಅತ್ತುಸ್ಕಂಡ್ ಓಗು. ಇಲ್ದಿದ್ರೆ ಮುಂದಕ್ಕೆ ನಡಿ. ನಾವಂತೂ ಏಳಕಿಲ್ಲ."

ನಾನು ಮುಂದಿನ ಗಾಜಿನ ಎದುರು ನಿಂತಿದ್ದೆ. ಈಶ್ವರಯ್ಯನ ಮುಖ ಕಾಣುತ್ತಿತ್ತು. ಕನ್ನಡಿಯಲ್ಲಿ ಹಿಂದೆ ನೋಡಿದ, ಗಾಜಿನಲ್ಲಿ ನನ್ನನ್ನು ನೋಡಿದ. ಅವನು ದೊಡ್ಡ ಮನಸ್ಸು ಮಾಡಿದ ಅಂತ ನಾನು ಹೇಳುವುದಿಲ್ಲ. ಹೆದರಿದ್ದ, ಬೆವೆತಿದ್ದ, ಹನ್ನೆರಡು ಹೆಣ ಹೊರುವ ಧೈರ್ಯವಿರಲಿಲ್ಲ ಅಷ್ಟೇ. ಗೇರು ಬದಲಾದ ಸದ್ದು ಕೇಳಿತು. ನಾನು ಪಕ್ಕಕ್ಕೆ ಸರಿದೆ.

ಎಡಚಕ್ರ ಒರಳುಗಳ ಮೇಲೆ ಏರಿತು. ಬಲಚಕ್ರ ಚಪ್ಪಡಿಯ ಮೇಲೆ ಹತ್ತಿ ಇಳಿಯುವಾಗ ಕೆಳಗೆ ತಗಡು ನುಗ್ಗಾಗುವ ಸದ್ದು, ಆಮೇಲೆ ಪೆಟ್ರೋಲು ವಾಸನೆ. ಬಸ್ಸು ಒಂದು ಸಲ ವಾಲಿತು. ಹಿಂದಿನ ಚಕ್ರಗಳೂ ದಾಟಿದವು. ಹರ್ಷವರ್ಧನ್ ಕೈ ಹಿಡಿದುಕೊಂಡು ನೆಲದ ಮೇಲೆ ಕೂತು ಅಳುತ್ತಿದ್ದ. ನಾವು ಬಸ್ಸಿನ ಹಿಂದೆ ಓಡಿದೆವು. ಅವ್ವನನ್ನು ಇಬ್ಬರು ಎತ್ತಿಕೊಂಡು ಬಂದರು.

ಭವನದ ಮುಂದೆ ಬಸ್ಸು ತಿರುಗಿ ನಿಂತಿತು. ಈಶ್ವರಯ್ಯ ಸ್ಟೀರಿಂಗಿನ ಮೇಲೆ ಕಾಗದವಿಟ್ಟುಕೊಂಡು ಬರೆದ. ರಸ್ತೆ ಸರಿಯಿದೆ, ಬಸ್ಸು ಹೋಗಿ ಬಂದಿದೆ. ಸಹಿ ಹಾಕಿದ. ನಾನು ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ಆಸ್ಪತ್ರೆಯಲ್ಲಿದ್ದ ಶಶಿಗೆ ಕಳಿಸಿದೆ. ಅವನಿಂದ ಉತ್ತರ ಬರಲಿಲ್ಲ. ಕಾಲು ತೆಗೆಯಬೇಕು ಅಂತ ಡಾಕ್ಟರು ಆಗಲೇ ಹೇಳಿದ್ದರಂತೆ, ನನಗೆ ಗೊತ್ತಾದದ್ದು ಆಮೇಲೆ.

"ಅತ್ರಮ್ಮಾ, ಟೈಮಾಯ್ತು," ಅಂದ ಕಂಡಕ್ಟರ್. ಹತ್ತಿದೆವು. ಅವ್ವನನ್ನು ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಉಸಿರೆಳೆದಾಗಲೆಲ್ಲ ಅವಳ ಎದೆಯಲ್ಲಿ ಏನೋ ಕಟಕಟ ಅನ್ನುತ್ತಿತ್ತು. ಬಸ್ಸು ಗುಂಡಿ ದಾಟಿ ತಿರುವಿಗೆ ಬಂದಾಗ ಊರು ಕಂಡಿತು. ಇರುವುದು ಅದೊಂದೇ ದಾರಿ. ಅರಳಿಕಟ್ಟೆಯ ಮುಂದೆ ರಸ್ತೆಗೆ ಅಡ್ಡಲಾಗಿ ಗೌಡನ ಕಾರು, ಒಂದು ಟ್ರಾಕ್ಟರ್. ಅದರ ಸುತ್ತ ನೂರಕ್ಕೂ ಹೆಚ್ಚು ಗಂಡಸರು, ಕೈಯಲ್ಲಿ ದೊಣ್ಣೆ, ಮಚ್ಚು. ಜಗಲಿಗಳ ಮೇಲೆ ಹೆಂಗಸರೂ ನಿಂತಿದ್ದರು. ಗುಂಪಿನೊಳಗಿಂದ ಯಾರೋ 'ಹಾಕ್ರಲಾ ಬೆಂಕಿ' ಅಂದದ್ದು ಕೇಳಿತು.

ನನಗೆ ಹೆದರಿಕೆಯಾಯಿತು. ಈಶ್ವರಯ್ಯ ಬಸ್ಸು ನಿಧಾನ ಮಾಡಿ, ಎಂಟು ವರ್ಷದಲ್ಲಿ ಮೊದಲ ಸಲ ಹಿಂದೆ ತಿರುಗಿ ನಮ್ಮ ಮುಖ ನೋಡಿ ಕೇಳಿದ.

"ಏನ್ಮಾಡ್ಲವ್ವಾ?"

"ಗಾರ್ಮೆಂಟ್ಸು ಎಂಟಕ್ಕೆ ಕಣಪ್ಪ," ಅಂದಳು ಅವ್ವ. "ನಿಲ್ಲುಸ್ಬ್ಯಾಡ."

ಅವತ್ತು ಯಾರೂ ಊಟದ ಡಬ್ಬಿ ತಂದಿರಲಿಲ್ಲ. ಒರಳು ಗುಂಡಿಗೆ ಹಾಕಿದ ಮೇಲೆ ಅದರ ರುಬ್ಬುಗುಂಡುಗಳು ಮಾತ್ರ ಕೈಯಲ್ಲೇ ಉಳಿದಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಅವನ್ನು ಕಾಲಬುಡದಿಂದ ಎತ್ತಿ ಮಡಿಲಿಗೆ ಹಾಕಿಕೊಂಡರು. ನಾನು ಎದ್ದು ಬಾಗಿಲಿನ ಚಿಲಕ ತೆಗೆದು, ಮೆಟ್ಟಿಲ ಮೇಲೆ ನಿಂತೆ.